ಭಜೆಯಲ್ಲಿ ನಪಾಸು

ಗಣಿತದ ಮಾಸ್ತರನಾಗಿ 32 ವರ್ಷ ದುಡಿದೆ. ನಾನು ಕಲಿಸಿದ ಪ್ರಮೇಯಗಳಲ್ಲಿ ಒಂದಾದರೂ ಯಾರಿಗಾದರೂ ನೆನಪಿದೆಯೋ ಇಲ್ಲವೋ, ದೇವರೇ ಬಲ್ಲ. ಆದರೆ ನನ್ನ ಒಂದು ಮಾತು ಮಾತ್ರ ಕುಮಟೆಯಲ್ಲಿ ಅಪ್ಪನಿಗೂ ಬಾಯಿಪಾಠ, ಮಗನಿಗೂ ಬಾಯಿಪಾಠ. "ಓದದಿದ್ರೆ ಭಜೆ ಕರೀಬೇಕಾಗ್ತದೆ ನೋಡು!"

ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಶಾಲೆಯ ಕಂಪೌಂಡಿನ ಆಚೆ ಒಂದು ಭಜೆ ಗಾಡಿ ನಿಲ್ಲುತ್ತಿತ್ತು. ಈಗಲೂ ನಿಲ್ಲುತ್ತದೆ. ಹಣೆಬರಹಕ್ಕೆ ನನ್ನ ಪಿರಿಯಡ್ ಯಾವಾಗಲೂ ಕೊನೆಯದು. ನಾನು ಬೋರ್ಡಿನ ಮೇಲೆ ತ್ರಿಕೋನ ಎಳೆಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಬಾಣಲೆಗೆ ಮೊದಲ ಭಜೆ ಬೀಳುತ್ತಿತ್ತು. ಕಡಲ ಗಾಳಿ ಬರುವುದು ಪಶ್ಚಿಮದಿಂದ, ಗಾಡಿ ಇದ್ದದ್ದೂ ಪಶ್ಚಿಮಕ್ಕೇ. ನಲವತ್ತು ಮೂಗು ಒಂದೇ ಸಲ ಕಿಟಕಿಯ ಕಡೆ ತಿರುಗುತ್ತಿದ್ದವು. ಪೈಥಾಗೊರಸನೇ ಬಂದು ಪಾಠ ಮಾಡಿದ್ದರೂ ಆ ಮೂಗುಗಳು ಹಿಂದೆ ತಿರುಗುತ್ತಿರಲಿಲ್ಲ. ನಲವತ್ತೊಂದನೆಯ ಮೂಗು ನನ್ನದೇ ಆಗಿತ್ತು. ಆ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಭಜೆಯವರ ಹೆಸರು ಬರೆಯುವುದಿಲ್ಲ. ಗಾಡಿ ಯಾವ ರಸ್ತೆಯಲ್ಲಿದೆ ಅಂತಲೂ ಹೇಳುವುದಿಲ್ಲ. ಇದು ಅವರೇ ಹಾಕಿದ ಕರಾರು. "ಬರೀರಿ, ಬ್ಯಾಡ ಅನ್ನೂದಿಲ್ಲ. ಆದ್ರೆ ಓದ್ದವರೆಲ್ಲ ಹುಡುಕ್ಕೊಂಡು ಬಂದ್ರೆ ನೀರುಳ್ಳಿ ಕೊಯ್ಯೂಕೆ ನೀವೇ ಬರ್ಬೇಕು" ಅಂದಿದ್ದಾರೆ. ಊರಿಗೆಲ್ಲ ಅವರು ಭಜೆ ಮಾಮ. ವಯಸ್ಸು ಅರವತ್ತು ದಾಟಿದೆ. ಮಕ್ಕಳೂ ಮಾಮ ಅನ್ನುತ್ತಾರೆ, ಅವರಿಗಿಂತ ಹತ್ತು ವರ್ಷ ದೊಡ್ಡವರೂ ಮಾಮ ಅನ್ನುತ್ತಾರೆ. ಮನೆಯಲ್ಲಿ ಕೊಂಕಣಿ, ಗಾಡಿಯಲ್ಲಿ ಕನ್ನಡ, ಎಣ್ಣೆ ಸಿಡಿದಾಗ ಎರಡೂ.

ನನ್ನ ಬೆದರಿಕೆಯ ಮಾತು ಹೇಗೋ ಅವರ ಕಿವಿಗೆ ಬಿತ್ತು. ಬೀಳದೇ ಇನ್ನೇನು, ಸಂಜೆ ಅಲ್ಲಿ ನಿಂತು ತಿನ್ನುವವರು ನನ್ನ ವಿದ್ಯಾರ್ಥಿಗಳೇ ಅಲ್ವಾ? ಒಂದು ದಿನ ಶಾಲೆ ಬಿಟ್ಟು ಹೊರಟವನನ್ನು ಕೈ ಮಾಡಿ ಕರೆದರು.

"ಮಾಸ್ತರ್ರೇ, ಕ್ಲಾಸಲ್ಲಿ ಹೀಂಗೆಲ್ಲ ಹೇಳ್ತೀರಂತೆ, ಹೌದಾ?"

ನನಗೆ ಬೆವರು ಬಂತು. "ಹೆಹೆ, ಮಕ್ಕಳನ್ನ ಹೆದರಿಸಲಿಕ್ಕೆ ಅಂತ ತಮಾಷೆಗೆ..." ಅಂದೆ.

"ತಮಾಷೆ ಎಂತದು ಮಾರಾಯ್ರೆ? ಓದದವ್ರನ್ನೆಲ್ಲ ಭಜೆಗೆ ಕಳ್ಸಿದ್ರೆ ಭಜೆಯ ಗತಿ ಎಂತ?"

ನಾನು ಕ್ಷಮೆ ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಅವರಿಗೆ ಬೇಜಾರಾಗಿದ್ದು ಭಜೆಯ ಪರವಾಗಿ ಅಂತ ತಿಳಿಯಲು ನನಗೆ ಮನೆ ಮುಟ್ಟುವವರೆಗೂ ಹೊತ್ತು ಬೇಕಾಯಿತು.

ಅವರ ಸಿಟ್ಟಿಗೆ ಕಾರಣವೂ ಇತ್ತು. ಆ ವರ್ಷ ಏಳರ ಮಗ್ಗಿಗಿಂತ ಮುಂದೆ ಹೋಗದ ಒಬ್ಬ ಹುಡುಗ ನನ್ನ ಮಾತನ್ನು ಉಪದೇಶವೆಂದು ತಿಳಿದು, ಬೇಸಿಗೆ ರಜೆಯಲ್ಲಿ ಸೀದಾ ಹೋಗಿ ಮಾಮನ ಗಾಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಹದಿನೈದನೆಯ ದಿನ ಮಾಮ ಅವನ ಭುಜ ಹಿಡಿದು ನಮ್ಮ ಮನೆಗೆ ಕರೆದುಕೊಂಡು ಬಂದರು. "ಇವ್ನಿಗೆ ಭಜೆ ಹತ್ತೂದಿಲ್ಲ ಮಾಸ್ತರ್ರೇ. ಕೈ ಅವಸರದ್ದು. ನೀವೇ ಓದ್ಸಿ" ಅಂತ ಒಪ್ಪಿಸಿ ಹೋದರು. ಹುಡುಗನಿಗೆ ಬೇರೆ ದಾರಿ ಇರಲಿಲ್ಲ, ಓದಿದ. ಈಗ ಬೆಂಗಳೂರಿನ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಪ್ರತಿ ವರ್ಷ ಚೌತಿಗೆ ಊರಿಗೆ ಬಂದವನು ಕಾರು ನಿಲ್ಲಿಸಿ ಮೂರು ಪ್ಲೇಟು ತಿನ್ನುತ್ತಾನೆ. ಮಾಮ ಅವನ ತಿನ್ನುವ ಕೈ ನೋಡಿ, "ಅವಸರ ಇನ್ನೂ ಹೋಗ್ಲಿಲ್ಲ" ಅನ್ನುತ್ತಾರೆ.

ನಿವೃತ್ತಿಯಾದ ಮೇಲೆ ನನಗೂ ಭಜೆಗೂ ನಡುವೆ ಇದ್ದ ಕಿಟಕಿ ಹೋಯಿತು. ಈಗ ಪ್ರತಿ ಸಂಜೆ ಹಾಲು ತರುವ ನೆಪದಲ್ಲಿ ಹೊರಟು, ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತೇನೆ. ಅಷ್ಟು ಹತ್ತಿರದಿಂದ ನೋಡಿದ ಮೇಲೆ ನನಗೆ ಗೊತ್ತಾದದ್ದು, ಮಾಮ ಭಜೆಯವರಿಗಿಂತ ಜಾಸ್ತಿ ನೀರುಳ್ಳಿಯವರು ಅಂತ.

ಕುಮಟೆಯ ಸಿಹಿ ನೀರುಳ್ಳಿ ಗೊತ್ತಲ್ಲ? ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಬೆಳೆಯುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊನ್ನಾವರದ ಕಡೆ ಹೆದ್ದಾರಿ ಹಿಡಿದರೆ ಅಳ್ವೆಕೋಡಿ, ಹಂದಿಗೋಣದ ಹತ್ತಿರ ರಸ್ತೆಯ ಎರಡೂ ಬದಿಗೆ ಚಪ್ಪರ ಕಟ್ಟಿ ಗೊಂಚಲು ಗೊಂಚಲಾಗಿ ನೇತುಹಾಕಿರುತ್ತಾರೆ. ಘಟ್ಟದ ಮೇಲಿನವರು, ಗೋವಾಕ್ಕೆ ಹೋಗುವವರು, ಎಲ್ಲ ಗಕ್ಕನೆ ಬ್ರೇಕ್ ಹಾಕುವುದು ಅಲ್ಲೇ. ನಮ್ಮ ಕಡೆ ಮಳೆಗಾಲಕ್ಕೆಂದು ಕೊಂಡು ಒಲೆಯ ಮೇಲಿನ ಗಳಕ್ಕೆ ಕಟ್ಟಿಡುವುದು ರೂಢಿ. ಖಾರ ಕಮ್ಮಿ, ಹಸಿಯಾಗೇ ಕಚ್ಚಿ ತಿನ್ನಬಹುದು. ಮಾಮನ ನೀರುಳ್ಳಿ ಭಜೆ ಅಂದರೆ ಈ ನೀರುಳ್ಳಿಯದ್ದು ಮಾತ್ರ. ಅದು ಮುಗಿದ ದಿನ ಗಾಡಿಯ ಮೇಲೆ ಬಟಾಟೆ, ಮಿರ್ಚಿ ಅಷ್ಟೇ. ಪೇಟೆಯಲ್ಲಿ ರಾಶಿ ಬಿದ್ದಿರುವ ಹೊರಗಿನ ನೀರುಳ್ಳಿ ಹಾಕಬಾರದಾ ಅಂತ ಯಾರೋ ಕೇಳಿದ್ದಕ್ಕೆ, "ಅದು ಸಾಂಬಾರಿಗೆ" ಅಂದಿದ್ದರು. ಬೈಗುಳದ ಧಾಟಿಯಲ್ಲಿ.

ಅವರು ಹಿಟ್ಟು ಕಲಸುವುದನ್ನು ಒಮ್ಮೆ ನೋಡಬೇಕು. ನೀರುಳ್ಳಿಯನ್ನು ಉದ್ದುದ್ದಕ್ಕೆ ತೆಳ್ಳಗೆ ಸೀಳಿ, ಅಗಲವಾದ ಬೋಗುಣಿಗೆ ಹಾಕಿ, ಉಪ್ಪು ಉದುರಿಸಿ, ಬೆರಳ ತುದಿಯಲ್ಲಿ ಎಸಳು ಬಿಡಿಸುತ್ತಾರೆ. ಆಮೇಲೆ ಎಂತದೂ ಮಾಡುವುದಿಲ್ಲ. ಒಂದು ಹಾಡಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಅಷ್ಟರಲ್ಲಿ ಉಪ್ಪು ನೀರುಳ್ಳಿಯ ನೀರನ್ನು ಎಳೆದು ಹೊರಗೆ ತರುತ್ತದೆ. ಎಸಳೆಲ್ಲ ಮೆತ್ತಗಾಗಿ ಬೋಗುಣಿಯ ತಳ ಹೊಳೆಯತೊಡಗಿದ ಮೇಲೆ ಕಡ್ಲೆ ಹಿಟ್ಟು, ಗರಿಗರಿಯಾಗಲಿ ಅಂತ ಒಂದು ಹಿಡಿ ಅಕ್ಕಿ ಹಿಟ್ಟು, ಹಸಿಮೆಣಸು, ಓಮ, ಕೊನೆಗೆ ಬಾಣಲೆಯಿಂದಲೇ ಒಂದು ಸೌಟು ಕಾದ ಎಣ್ಣೆ. ಚೊಂಯ್ ಅನ್ನುತ್ತದೆ. ನೀರು ಒಂದು ಹನಿಯೂ ಇಲ್ಲ. "ನೀರುಳ್ಳಿ ಹೆಸ್ರಲ್ಲೇ ನೀರದೆ, ಮತ್ತೆಂತಕ್ಕೆ ಹಾಕೂದು?" ಅಂತ ಅವರ ಪ್ರಶ್ನೆ.

ಎಷ್ಟು ನೀರುಳ್ಳಿಗೆ ಎಷ್ಟು ಹಿಟ್ಟು ಅಂತ ನಾನು ಮಾಸ್ತರಿಕೆಯ ಚಟಕ್ಕೆ ಕೇಳಿದ್ದೆ. "ನೀರುಳ್ಳಿ ಕೇಳಿದಷ್ಟು" ಅಂದರು. ಅನುಪಾತ ಅಂತ ಒಂದು ಅಧ್ಯಾಯವನ್ನು 32 ಸಲ ಕಲಿಸಿದವನಿಗೆ ಇದು ಉತ್ತರವೇ?

ಸರತಿಯಲ್ಲಿ ನಿಲ್ಲುವವರ ವಿಷಯ ಬೇರೆಯೇ ಒಂದು ಬರಹ ಆಗುತ್ತದೆ. ಆಟೋದವರಿಗೆ ಸರತಿ ಇಲ್ಲ, ಹಾರ್ನ್ ಹೊಡೆದರೆ ಪೊಟ್ಟಣ ಆಟೋದೊಳಗೇ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮೀನಿಲ್ಲದೆ ಮುಖ ಸಪ್ಪೆ ಮಾಡಿಕೊಂಡವರೆಲ್ಲ ಸಂಜೆ ಇಲ್ಲಿ ಹಾಜರು. ಚಾತುರ್ಮಾಸ್ಯದಲ್ಲಿ ಮನೆಯೊಳಗೆ ನೀರುಳ್ಳಿ ಮುಟ್ಟದ ನಮ್ಮ ಭಟ್ಟರೊಬ್ಬರು ಗಾಡಿಯ ಹಿಂದೆ, ಬೆಳಕು ಬೀಳದ ಕಡೆ ನಿಲ್ಲುತ್ತಾರೆ. ಮಾಮ ಅವರನ್ನು ಕೇಳುವುದೂ ಇಲ್ಲ, ಮಾತಾಡಿಸುವುದೂ ಇಲ್ಲ. ಬಾಳೆಲೆಯ ಪೊಟ್ಟಣವೊಂದು ಕತ್ತಲೆಯ ಕಡೆ ಚಾಚುತ್ತದೆ, ಕತ್ತಲೆಯಿಂದ ಮೂವತ್ತು ರೂಪಾಯಿ ಬರುತ್ತದೆ. ಊರಿಗೆಲ್ಲ ಗೊತ್ತು. ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ಒಮ್ಮೆ ಎರಡು ದಿನ ಗಾಡಿ ಬರಲಿಲ್ಲ. ಮೊದಲ ದಿನ ಊರು ಸುಮ್ಮನಿತ್ತು. ಎರಡನೆಯ ದಿನ ಐದು ಗಂಟೆಗೆ ಮಾಮನಿಗೆ ಜ್ವರವಂತೆ ಅಂತ ಸುದ್ದಿಯಾಯಿತು. ಐದೂವರೆಗೆ ಅದು ನ್ಯುಮೋನಿಯ ಆಯಿತು. ಆರಕ್ಕೆ ಮಂಗಳೂರಿಗೆ ಒಯ್ದರಂತೆ. ಆರೂವರೆಗೆ ನಾವು ನಾಲ್ಕು ಜನ ಆಟೋದಲ್ಲಿ ಅವರ ಮನೆಗೆ ಹೋದರೆ, ನಮಗಿಂತ ಮೊದಲೇ ಮೂರು ಬೈಕು, ಒಂದು ಕಾರು, ಕಷಾಯದ ಥರ್ಮಾಸ್ ಹಿಡಿದ ಒಬ್ಬ ಅಮ್ಮ. ಮನೆಗೆ ಬೀಗ. ಅಷ್ಟರಲ್ಲಿ ಮಾಮ ಜರಿ ಅಂಚಿನ ಪಂಚೆಯಲ್ಲಿ ಬಸ್ಸಿಳಿದು ನಡೆದು ಬಂದರು. ಹೊನ್ನಾವರದಲ್ಲಿ ತಂಗಿಯ ಮಗಳ ಮದುವೆ. ನಮ್ಮನ್ನೆಲ್ಲ ನೋಡಿ ಗಾಬರಿಯಾಗಿ, "ಯಾರಿಗೆ ಎಂತಾಯ್ತು?" ಅಂತ ಕೇಳಿದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಕಷಾಯ ತಂದ ಅಮ್ಮ ಥರ್ಮಾಸ್ ಮುಂದೆ ಮಾಡಿ, "ತಂದಾಗಿದೆ, ಕುಡೀರಿ" ಅಂದರು. ಏನೂ ಕಾಯಿಲೆಯಿಲ್ಲದ ಮಾಮ ಅಂಗಳದಲ್ಲಿ ನಿಂತು ಪೂರ್ತಿ ಕುಡಿದರು. ಆಮೇಲೆ ಅರ್ಧ ಗಂಟೆ ಮದುವೆಮನೆಯ ಭಜೆ ಎಷ್ಟು ಕೆಟ್ಟದಾಗಿತ್ತು ಅಂತ ವಿವರಿಸಿದರು. ಮದುಮಗ ಹೇಗಿದ್ದಾನೆ ಅಂತ ಕೇಳಿದರೆ ನೆನಪಿರಲಿಲ್ಲ.

2020ರ ಮಾರ್ಚ್ 25ಕ್ಕೆ ದೇಶ ಪೂರ್ತಿ ಬಂದ್ ಆಯಿತಲ್ಲ, ಅದು ಸರಿಯಾಗಿ ನೀರುಳ್ಳಿಯ ಕಾಲ. ಹೆದ್ದಾರಿಯಲ್ಲಿ ಬ್ರೇಕ್ ಹಾಕಲು ವಾಹನಗಳೇ ಇಲ್ಲ. ಮಾಮ ಆ ವರ್ಷವೂ ತಮ್ಮ ಗೊಂಚಲುಗಳನ್ನು ಬಿಡದೆ ಕೊಂಡರು. ಗಾಡಿ ಇಲ್ಲ, ಗಿರಾಕಿ ಇಲ್ಲ, ಮಾಡಿನ ತುಂಬ ನೀರುಳ್ಳಿ. ಅದೇ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲ ಕೊಡುವ ಸ್ವನಿಧಿ ಯೋಜನೆ ಬಂತು. ಅರ್ಜಿ ತುಂಬಿದವನು ನಾನು. ವ್ಯಾಪಾರದ ವಿವರ ಅನ್ನುವಲ್ಲಿ 'ಆಹಾರ ಪದಾರ್ಥಗಳ ತಯಾರಿಕೆ ಮತ್ತು ಮಾರಾಟ' ಅಂತ ಚಂದದ ಅಕ್ಷರದಲ್ಲಿ ಬರೆದೆ. ಮಾಮ ಅದನ್ನು ಓದಿಸಿ ಕೇಳಿ, ಹೊಡೆಸಿ ಹಾಕಿ, 'ನೀರುಳ್ಳಿ ಭಜೆ. ಊರ ನೀರುಳ್ಳಿ' ಅಂತ ಬರೆಸಿದರು. ಸಾಲ ಬಂತು. ನನ್ನ ಚಂದದ ಅಕ್ಷರಕ್ಕೆ ಬಂತೋ ಊರ ನೀರುಳ್ಳಿಗೆ ಬಂತೋ ಗೊತ್ತಿಲ್ಲ.

ಇನ್ನು ನನ್ನ ಮಾನ ಹೋದ ಕಥೆ.

ಕಳೆದ ಮಳೆಗಾಲ, ಜುಲೈ. ಮಧ್ಯಾಹ್ನದಿಂದ ಜಡಿಮಳೆ. ಭಜೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಗಾಡಿಯ ಮೇಲೆ ತಾಡಪಾಲು ಕಟ್ಟಿತ್ತು. ಐದೂ ಕಾಲಿಗೆ ಮಾಮನ ಫೋನು ಬಡಿದುಕೊಂಡಿತು. ಅಳ್ವೆಕೋಡಿಯಲ್ಲಿ ಯಾರದೋ ಮನೆಯ ಅಟ್ಟದಲ್ಲಿ ಕೊನೆಯ ನಾಲ್ಕು ಗೊಂಚಲು ಉಳಿದಿದೆಯಂತೆ, ಬೇರೆ ಯಾರೋ ಕೇಳಲು ಬಂದು ನಿಂತಿದ್ದಾರಂತೆ. ಮಾಮನ ಮುಖ ನೋಡಬೇಕಿತ್ತು. ಹೆರಿಗೆಯ ಸುದ್ದಿ ಬಂದವರ ಹಾಗೆ ಸೊಂಟದ ಟವೆಲ್ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಹತ್ತೇ ನಿಮಿಷ ಮಾಸ್ತರ್ರೇ. ಕಲಸಿದ್ದು ಸ್ವಲ್ಪ ಅದೆ, ಅದನ್ನ ಆ ಹುಡುಗ ಕರೀತ. ನೀವು ಎಂತದೂ ಮಾಡೂದ್ ಬ್ಯಾಡ. ಸುಮ್ನೆ ನಿಂತ್ಕಂಡಿರಿ."

ಸುಮ್ನೆ ನಿಲ್ಲುವುದು ಎಷ್ಟು ಕಷ್ಟದ ಕೆಲಸ ಅಂತ ನನಗೆ ಆಗ ಗೊತ್ತಿರಲಿಲ್ಲ.

ಸಹಾಯದ ಹುಡುಗ ಇದ್ದ ಹಿಟ್ಟು ಕರಿದು ಮುಗಿಸಿದ. ಮಾಮ ಬರಲಿಲ್ಲ. ಅಷ್ಟರಲ್ಲಿ ರೈಲ್ವೆ ಸ್ಟೇಷನ್ ಕಡೆಯಿಂದ ಒಂದು ಟೆಂಪೊ ಜನ ಇಳಿದರು. ಚಟ್ನಿ ಸಾಕಾಗಲಿಕ್ಕಿಲ್ಲ ಅಂತ ಹುಡುಗ ಕಾಯಿ ತರಲು ಓಡಿದ. ನಾನೊಬ್ಬನೇ. ಎದುರಿಗೆ ಇಪ್ಪತ್ತು ಜನ, ಅವರಲ್ಲಿ ಕಮ್ಮಿಯೆಂದರೂ ಹನ್ನೆರಡು ಜನ ನನ್ನ ಹಳೆಯ ವಿದ್ಯಾರ್ಥಿಗಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಅಷ್ಟು ಜನ ಒಟ್ಟಿಗೆ ನನ್ನ ಕಡೆ ನೋಡಿ ಎಷ್ಟೋ ವರ್ಷವಾಗಿತ್ತು. ತಲೆ ತಿರುಗಿತು. ಟವೆಲ್ ಸೊಂಟಕ್ಕೆ ಕಟ್ಟಿದೆ.

ನೀರುಳ್ಳಿ ಕೊಯ್ದೆ. ಉಪ್ಪು ಹಾಕಿದೆ. ಅಲ್ಲಿ ಒಂದು ಹಾಡಿನಷ್ಟು ಹೊತ್ತು ನಿಲ್ಲಬೇಕಿತ್ತು. ಇಪ್ಪತ್ತು ಜನ ಹಸಿದು ನಿಂತಿರುವಾಗ ಯಾರು ನಿಲ್ಲುತ್ತಾರೆ? ಹಿಟ್ಟು ಸುರಿದೆ. ಒಣಗಿದ ಹಾಗೆ ಕಂಡಿತು. ಒಂದು ಲೋಟ ನೀರು ಹಾಕಿದೆ. ನೀರಾಯಿತು. ಹಿಟ್ಟು ಹಾಕಿದೆ. ಗಟ್ಟಿಯಾಯಿತು. ನೀರು ಹಾಕಿದೆ. ಅಷ್ಟು ಹೊತ್ತಿಗೆ ಉಪ್ಪೂ ನಿದ್ದೆಯಿಂದೆದ್ದು ನೀರುಳ್ಳಿಯ ನೀರನ್ನು ಹೊರಗೆ ತರಲು ಶುರುಮಾಡಿತು. ಮತ್ತೆ ಹಿಟ್ಟು. ಗಣಿತದಲ್ಲಿ ಇದಕ್ಕೆ ಅನಂತ ಶ್ರೇಢಿ ಅನ್ನುತ್ತಾರೆ. ಬೋಗುಣಿ ತುಂಬಿದ್ದರಿಂದ ಮಾತ್ರ ನಿಂತಿತು.

ಬೇಗ ಆಗಲಿ ಅಂತ ಒಲೆಯನ್ನು ಪೂರ್ತಿ ತಿರುಗಿಸಿದೆ. ಮಾಮ ಮೊದಲು ಒಂದು ಚೂರು ಹಿಟ್ಟು ಬಿಟ್ಟು, ಅದು ತಳಕ್ಕೆ ಹೋಗಿ ನಿಧಾನವಾಗಿ ಮೇಲೆ ಬರುತ್ತದಾ ನೋಡುತ್ತಾರೆ. ನಾನು ಚೂರು ಬಿಟ್ಟೆ, ಅದು ತಳ ಮುಟ್ಟುವ ಮೊದಲೇ ಕಪ್ಪಾಯಿತು. ಎಣ್ಣೆ ಚೆನ್ನಾಗಿ ಕಾದಿದೆ ಅಂತ ಖುಷಿಪಟ್ಟೆ. ಬೆರಳಿನಿಂದ ಒಂದೊಂದೇ ಬಿಡಬೇಕಾದ ಕಡೆ, ಎಣ್ಣೆ ಸಿಡಿಯುವ ಹೆದರಿಕೆಗೆ ಸೌಟಿನಿಂದ ಸುರಿದೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಬಾಣಲೆಯಷ್ಟೇ ಅಗಲದ ಒಂದೇ ಒಂದು ಭಜೆ ಆಯಿತು. ತಿರುಗಿಸಲು ಎರಡು ಸೌಟು, ಇಬ್ಬರು ಹಳೆಯ ವಿದ್ಯಾರ್ಥಿಗಳು ಬೇಕಾದರು. ಹೊರಗೆ ತೆಗೆದು ಚಾಕುವಿನಿಂದ ಅರವತ್ತು ಡಿಗ್ರಿಯ ಆರು ತ್ರಿಜ್ಯಾಂತರ ಖಂಡ ಮಾಡಿದೆ. ಆ ಸಂಜೆ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಮೇಲೆ ಇದ್ದಲು, ಒಳಗೆ ಹಸಿ ಹಿಟ್ಟು.

ಹಿಂದಿನ ಬೆಂಚಿನಲ್ಲೇ ಹತ್ತನೇ ಕ್ಲಾಸು ಮುಗಿಸಿ ಈಗ ಆಟೋ ಓಡಿಸುವ ಒಬ್ಬ ಒಂದು ಖಂಡ ತೆಗೆದುಕೊಂಡ. ಅಗಿದ. ಅಗಿಯುತ್ತಲೇ ಇದ್ದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ.

"ಸರ್, ನೀವು ಓದಿದ್ರಿ ಅಲ್ವಾ?"

ಇಪ್ಪತ್ತು ಜನರ ನಗೆ ಮಳೆಯ ಸದ್ದನ್ನು ಮೀರಿಸಿತು. ಗಾಡಿಗೆ ಕಟ್ಟಿದ್ದ ದುಡ್ಡಿನ ಪೆಟ್ಟಿಗೆ ಅದೇ ಹೊತ್ತಿಗೆ "ಮೂವತ್ತು ರೂಪಾಯಿ ಬಂದಿದೆ" ಅಂತ ಕೂಗಿತು. ನಾನು ಗಡಿಬಿಡಿಯಲ್ಲಿ ಅದಕ್ಕೆ "ಥ್ಯಾಂಕ್ಯೂ" ಅಂದೆ.

ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ತಲೆಯ ಮೇಲೆ ತಾಡಪಾಲು ನೀರು ತುಂಬಿ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಕೋಲಿನಿಂದ ಕೆಳಗಿನಿಂದ ಎತ್ತಿ ಆ ನೀರನ್ನು ಹಿಂದಿನ ಚರಂಡಿಗೆ ಚೆಲ್ಲುವುದನ್ನು ನೂರು ಸಲ ನೋಡಿದ್ದೇನೆ. ಎತ್ತಿದೆ. ನೀರು ಮುಂದಕ್ಕೆ ಹೋಯಿತು. ಮುಂದೆ, ರೇನ್‌ಕೋಟ್ ಹಾಕಿ, ತಲೆಯಿಂದ ಹೆಲ್ಮೆಟ್ ತೆಗೆಯದೆ, ಯಾರ ಜೊತೆಗೂ ಮಾತಾಡದೆ ನಿಂತಿದ್ದ ಒಬ್ಬರಿದ್ದರು. ಎರಡು ಕೊಡ ನೀರು ಸೀದಾ ಅವರ ಮೇಲೆ. ಉಸಿರು ಕಟ್ಟಿ ಹೆಲ್ಮೆಟ್ ತೆಗೆದರು. ನಮ್ಮ ಡಾಕ್ಟರು. ಕೊಲೆಸ್ಟ್ರಾಲ್ ರಿಪೋರ್ಟು ನೋಡಿ, "ಕರಿದದ್ದು ಇವತ್ತಿನಿಂದಲೇ ಬಂದ್" ಅಂತ ಜೂನ್‌ನಲ್ಲಷ್ಟೇ ನನಗೆ ಹೇಳಿದವರು. ಅವರು ನನ್ನ ಸೊಂಟದ ಟವೆಲ್ ನೋಡಿದರು. ನಾನು ಅವರ ಕೈಲಿದ್ದ ಮೂವತ್ತು ರೂಪಾಯಿ ನೋಡಿದೆ. ಇಬ್ಬರೂ ಎಂತದೂ ಹೇಳಲಿಲ್ಲ. ಅವತ್ತಿನಿಂದ ನನ್ನ ತಪಾಸಣೆಯಲ್ಲಿ ಅವರು ಉಪ್ಪಿನಕಾಯಿಯ ವಿಷಯ ಎತ್ತುತ್ತಾರೆ, ಸಕ್ಕರೆಯ ವಿಷಯ ಎತ್ತುತ್ತಾರೆ. ಕರಿದದ್ದರ ವಿಷಯ ಎತ್ತುವುದಿಲ್ಲ.

ಹಾಲು ತರಲು ಹೋದ ಗಂಡ ಒಂದೂವರೆ ಗಂಟೆಯಾದರೂ ಬರಲಿಲ್ಲ ಅಂತ ನನ್ನ ಹೆಂಡತಿ ಕೊಡೆ ಹಿಡಿದು ಹುಡುಕಿಕೊಂಡು ಬಂದದ್ದೂ ಆಗಲೇ. ಅವಳೂ ನಿವೃತ್ತ ಅಕ್ಕೋರು, ಒಂದನೇ ಕ್ಲಾಸಿಗೆ ಕಲಿಸಿದವಳು. ಬೋಗುಣಿಗೆ ಇಣುಕಿ, "ನೀರು ಹಾಕಿದ್ರಾ?" ಅಂದಳು. ಚಡ್ಡಿಯಲ್ಲೇ ಮಾಡಿಕೊಂಡ ಮಗುವನ್ನು ಕೇಳುವ ಧ್ವನಿಯಲ್ಲಿ.

ಮಾಮ ಬಂದದ್ದು ಆರೂ ಮುಕ್ಕಾಲಿಗೆ. ಪೂರ್ತಿ ನೆನೆದಿದ್ದರು. ಕೊರಳಿಗೆ ನಾಲ್ಕು ಗೊಂಚಲು ನೀರುಳ್ಳಿ ಹಾರದ ಹಾಗೆ ಹಾಕಿಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಹೊದ್ದಿದ್ದರು. ತಮಗೆ ಅಲ್ಲ, ನೀರುಳ್ಳಿಗೆ. ಸರತಿ ಎರಡು ಭಾಗವಾಗಿ ದಾರಿ ಬಿಟ್ಟಿತು. ಬಂದವರು ಬಾಣಲೆ ನೋಡಿದರು, ಬೋಗುಣಿ ನೋಡಿದರು. ಬೈಯಲಿಲ್ಲ. ತಟ್ಟೆಯಲ್ಲಿದ್ದ ಒಂದು ತುಂಡು ಎತ್ತಿ ಮುರಿದು, ಒಳಗಿನ ಹಸಿಯನ್ನು ನನ್ನ ಕಣ್ಣೆದುರು ಹಿಡಿದರು. ನಾನು ತಪ್ಪು ಲೆಕ್ಕದ ಕೆಳಗೆ ಕೆಂಪು ಗೆರೆ ಎಳೆದು ಪಟ್ಟಿ ತೋರಿಸುತ್ತಿದ್ದೆನಲ್ಲ, ಹಾಗೆ. ಆಮೇಲೆ ಒಲೆ ಆರಿಸಿದರು. ಎಣ್ಣೆ ಆರುವವರೆಗೆ ಕಾದು, ಅಷ್ಟೂ ಎಣ್ಣೆಯನ್ನು ಡಬ್ಬಿಗೆ ಸುರಿದು ಬದಿಗಿಟ್ಟು, ಬಾಣಲೆ ತಿಕ್ಕಿ, ಹೊಸ ಎಣ್ಣೆ ಹಾಕಿದರು. ಬೈದಿದ್ದರೇ ವಾಸಿಯಿತ್ತು. ಅಷ್ಟೂ ಹೊತ್ತು ಸರತಿಯಲ್ಲಿ ಒಬ್ಬನೂ ಅಲುಗಲಿಲ್ಲ. ಮಳೆ ಹೊಯ್ಯುತ್ತಲೇ ಇತ್ತು.

ರಾತ್ರಿ ಎಂಟಕ್ಕೆ ಲೆಕ್ಕ ಒಪ್ಪಿಸಲು ಕೂತೆ. ಭಜೆ ಹೇಗಾದರೂ ಆಗಲಿ, ಲೆಕ್ಕವಾದರೂ ನನ್ನದು ಅಂತ ಎದೆ ಎತ್ತಿದ್ದೆ. ಕೊಟ್ಟ ಪ್ಲೇಟಿಗೊಂದು ಗೆರೆಯಂತೆ ಗಾಡಿಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟಿದ್ದೆ. 38 ಗೆರೆ. ಪ್ಲೇಟಿಗೆ 30ರಂತೆ 1,140 ರೂಪಾಯಿ. ಡಬ್ಬಿಯದ್ದೂ ಫೋನಿನದ್ದೂ ಸೇರಿಸಿದರೆ 1,620. ಮತ್ತೆ ಎಣಿಸಿದೆ. 1,620. ಕಮ್ಮಿ ಬಂದಿದ್ದರೆ ಕಿಸೆಯಿಂದ ಹಾಕಬಹುದು, ಜಾಸ್ತಿ ಬಂದದ್ದಕ್ಕೆ ಎಂತ ಮಾಡುವುದು? ಮೂರನೆಯ ಸಲ ಎಣಿಸುವಾಗ ಮಾಮ ಬಾಣಲೆಯಿಂದ ತಲೆಯೆತ್ತದೆ ಕೇಳಿದರು.

"ಎಷ್ಟು ಜಾಸ್ತಿ?"

"480. ಅಂದರೆ 16 ಪ್ಲೇಟು. ಎಲ್ಲಿಂದ ಬಂತು ಅಂತ ಗೊತ್ತಾಗ್ತಿಲ್ಲ."

"ಹದಿನಾರು ಜನ ದುಡ್ಡು ಕೊಟ್ಟು ಭಜೆ ತಕ್ಕೊಳ್ದೇ ಹೋದ್ರು" ಅಂದರು.

ಅದಾದ ಮೇಲೆ ಒಂದು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಎಂಟನೆಯ ದಿನ ಮಾಮನೇ ಹೇಳಿ ಕಳಿಸಿದರು. ಹೋದರೆ, ಕಲ್ಲಿನ ಮೇಲೆ ಒಂದು ಗೋಣಿಚೀಲ ಮಡಿಸಿ ಹಾಸಿತ್ತು, ಪಕ್ಕದಲ್ಲಿ ಒಂದು ಗೊಂಚಲು ನೀರುಳ್ಳಿ, ಬುಟ್ಟಿ. ಬಾಣಲೆ ಮುಟ್ಟಬಾರದು, ಬೋಗುಣಿ ಮುಟ್ಟಬಾರದು, ತಾಡಪಾಲಿನ ಕೋಲಂತೂ ಮುಟ್ಟಲೇಬಾರದು. ಸಿಪ್ಪೆ ಸುಲಿಯಬಹುದು. ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಹಾಗಾಯಿತು. ಅವತ್ತಿನಿಂದ ದಿನಾ ಸುಲಿಯುತ್ತಿದ್ದೇನೆ.

ಮೊನ್ನೆ ಒಬ್ಬಳು ಅಮ್ಮ ಮಗನ ಕೈ ಹಿಡಿದುಕೊಂಡು ಸರತಿಯಲ್ಲಿ ನಿಂತಿದ್ದಳು. ಊರಿಗೆ ಹೊಸಬಳು ಅಂತ ಕಾಣುತ್ತದೆ, ನನ್ನ ಗುರುತಿಲ್ಲ. ಹುಡುಗನ ಪಾಟಿಚೀಲದಿಂದ ಒಂದು ಉತ್ತರಪತ್ರಿಕೆ ಇಣುಕುತ್ತಿತ್ತು, ಕೆಂಪು ಶಾಯಿ ಜಾಸ್ತಿ ಇತ್ತು. ಅಮ್ಮ ನನ್ನ ಕಡೆ ಬೆರಳು ಮಾಡಿ, ಮೆಲ್ಲಗೆ ಹೇಳಿದೆ ಅಂದುಕೊಂಡು ಜೋರಾಗಿಯೇ ಹೇಳಿದಳು.

"ನೋಡು, ಲೆಕ್ಕ ಸರಿಯಾಗಿ ಕಲೀದಿದ್ರೆ ಆ ಅಜ್ಜನ ಹಾಗೆ ನೀರುಳ್ಳಿ ಸುಲೀಬೇಕಾಗ್ತದೆ."

ಸರತಿಯಲ್ಲಿ ನಾಲ್ಕೈದು ಜನ ಕೆಮ್ಮಿದರು. ಹುಡುಗ ನನ್ನನ್ನು ಬಹಳ ಹೊತ್ತು ಹೆದರಿಕೆಯಿಂದ ನೋಡಿದ. ನಾನು ತಲೆ ತಗ್ಗಿಸಿ ಇನ್ನೊಂದು ನೀರುಳ್ಳಿ ಕೈಗೆತ್ತಿಕೊಂಡೆ. ಮಾಮ ಬುಟ್ಟಿಯ ಕಡೆ ಬಗ್ಗಿ ನೋಡಿದರು.

"ಮಾಸ್ತರ್ರೇ, ಸಿಪ್ಪೆಯ ಜೊತೆ ಎಸಳೂ ಹೋಗ್ತಾ ಅದೆ. ತೆಳ್ಳಗೆ ತೆಗೀರಿ."